ಬ್ರಿಟನ್ನಿನ 2024ರ ಗಲಭೆಗಳು ನಿಜಕ್ಕೂ ‘ಬಿಳಿಯ ದುಡಿಯುವ ವರ್ಗ’ದ ಸಿಟ್ಟೇ?

ನೀವು ಕೇಳಿರುವುದು ಎರಡು ಪ್ರಶ್ನೆ. 2024ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಊರುಗಳಲ್ಲಿ ನಡೆದ ದೊಂಬಿಯನ್ನು ಕೆಲವು ಪತ್ರಿಕೆಗಳು ಪುಂಡರ ಕೃತ್ಯ ಎಂದವು, ಕೆಲವು ಕಡೆಗಣನೆಗೆ ಒಳಗಾದ ಬಿಳಿಯ ದುಡಿಯುವ ವರ್ಗದ ಸಿಟ್ಟು ಎಂದವು. ಯಾವುದನ್ನು ನಂಬಬೇಕು ಎಂಬುದು ಒಂದು ಪ್ರಶ್ನೆ. ನರ್ಸಿಂಗ್ ಮುಗಿಸಿರುವ ನಿಮ್ಮ ತಂಗಿಯನ್ನು ಆ ಕಡೆಗೆ ಕಳುಹಿಸಬಹುದೇ ಎಂಬುದು ಇನ್ನೊಂದು. ನಾನು ಭದ್ರಾವತಿಯವಳು. ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋ ಎಂಬ ಊರಿನಲ್ಲಿ ಆರು ವರ್ಷಗಳಿಂದ ನರ್ಸ್ ಆಗಿದ್ದೇನೆ. ಗಲಭೆ ನಡೆದ ಬೀದಿಗೆ ನನ್ನ ಮನೆಯಿಂದ ಐದು ನಿಮಿಷದ ನಡಿಗೆ. ಆದ್ದರಿಂದ ಈ ಎರಡು ಪ್ರಶ್ನೆಗಳೂ ನನಗೆ ಬೇರೆ ಬೇರೆಯಾಗಿ ಕಾಣಿಸುವುದಿಲ್ಲ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಜುಲೈ 29ರಂದು ಲಿವರ್‌ಪೂಲ್ ಸಮೀಪದ ಕಡಲ ತೀರದ ಊರಾದ ಸೌತ್‌ಪೋರ್ಟ್‌ನಲ್ಲಿ, ಪುಟ್ಟ ಮಕ್ಕಳ ನೃತ್ಯ ತರಗತಿಗೆ 17 ವರ್ಷದ ಹುಡುಗನೊಬ್ಬ ಚಾಕು ಹಿಡಿದು ನುಗ್ಗಿದ. ಮೂವರು ಬಾಲಕಿಯರು ಸತ್ತರು. ಇನ್ನೂ ಎಂಟು ಮಕ್ಕಳು, ಇಬ್ಬರು ದೊಡ್ಡವರು ಗಾಯಗೊಂಡರು. ಆರೋಪಿ ಅಪ್ರಾಪ್ತನಾಗಿದ್ದುದರಿಂದ ಅವನ ಹೆಸರನ್ನು ಪ್ರಕಟಿಸಲು ಕಾನೂನಿನ ತಡೆ ಇತ್ತು. ಪೊಲೀಸರು ಹೇಳದೆ ಉಳಿಸಿದ ಆ ಜಾಗವನ್ನು ಜಾಲತಾಣಗಳು ಕೆಲವೇ ಗಂಟೆಗಳಲ್ಲಿ ತುಂಬಿದವು: ಒಂದು ಮುಸ್ಲಿಂ ಹೆಸರನ್ನು ಹುಟ್ಟಿಸಿ, ಹಿಂದಿನ ವರ್ಷ ಆಶ್ರಯ ಕೋರಿ ದೋಣಿಯಲ್ಲಿ ಬಂದವನು ಎಂದು ಕಥೆ ಕಟ್ಟಿ ಹರಡಿದರು. ಆ ಹುಡುಗ ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ, ತಂದೆತಾಯಿ ರುವಾಂಡಾದವರು. ಮಾರನೆಯ ಸಂಜೆಯೇ ಸೌತ್‌ಪೋರ್ಟ್‌ನ ಮಸೀದಿಯ ಮೇಲೆ ಇಟ್ಟಿಗೆಗಳು ಬಿದ್ದವು. ಆಗಸ್ಟ್ 1ರಂದು ನ್ಯಾಯಾಧೀಶರು ನಿಜವಾದ ಹೆಸರನ್ನು ಪ್ರಕಟಿಸಲು ಅನುಮತಿ ಕೊಟ್ಟರು. ಅಷ್ಟು ಹೊತ್ತಿಗೆ ನಿಜ ಯಾರಿಗೂ ಬೇಕಿರಲಿಲ್ಲ. ಹಾರ್ಟ್ಲ್‌ಪೂಲ್, ಸಂಡರ್ಲ್ಯಾಂಡ್, ಹಲ್, ಲಿವರ್‌ಪೂಲ್, ಸ್ಟೋಕ್, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್, ಹೀಗೆ ವಾರವಿಡೀ ಊರಿಂದ ಊರಿಗೆ ಬೆಂಕಿ ದಾಟಿತು.

ನಮ್ಮ ಊರಿಗೆ ಅದು ಬಂದದ್ದು ಆಗಸ್ಟ್ 4ರ ಭಾನುವಾರ. ನಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ. ಗಾಜು ಒಡೆಯುವ ಸದ್ದಿಗೆ ಎಚ್ಚರವಾಯಿತು. ಲಿಂಥಾರ್ಪ್ ರಸ್ತೆಯ ಕಡೆಯಿಂದ ನುಗ್ಗಿದ ಗುಂಪು ಮನೆಗಳ ಕಿಟಕಿಗಳನ್ನು ಸಾಲಾಗಿ ಒಡೆಯುತ್ತಾ, ನಿಂತ ಕಾರುಗಳಿಗೆ ಬೆಂಕಿ ಹಚ್ಚುತ್ತಾ ಸಾಗಿತ್ತು. ಒಂದು ಅಡ್ಡರಸ್ತೆಯಲ್ಲಿ ಕಾರುಗಳನ್ನು ತಡೆದು, ಚಾಲಕರನ್ನು ‘ನೀನು ಬಿಳಿಯನೇ? ಇಂಗ್ಲಿಷನೇ?’ ಎಂದು ಕೇಳುತ್ತಿದ್ದ ದೃಶ್ಯವನ್ನು ನೀವೂ ನೋಡಿರಬಹುದು. ಅದು ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುವ ರಸ್ತೆ. ಪರದೆ ಎಳೆದು, ದೀಪ ಆರಿಸಿ ನೆಲದ ಮೇಲೆ ಕುಳಿತಿದ್ದೆ. ಆಗಲೇ ಅಮ್ಮ ಕರೆ ಮಾಡಿದರು. ಟಿ.ವಿ.ಯಲ್ಲಿ ಇಡೀ ಇಂಗ್ಲೆಂಡ್ ಉರಿಯುತ್ತಿದೆ ಎಂದು ತೋರಿಸುತ್ತಿದ್ದಾರೆ, ನೀನು ಎಲ್ಲಿದ್ದೀಯ ಪುಟ್ಟಿ ಎಂದು ಅಳುತ್ತಿದ್ದರು. ಆಸ್ಪತ್ರೆಯಲ್ಲಿದ್ದೇನೆ ಅಮ್ಮ ಎಂದು ಸುಳ್ಳು ಹೇಳಿದೆ.

ಹೊರಗೆ ಇಣುಕಿದಾಗ ಪಕ್ಕದ ಮನೆಯ ಮುದುಕರು ನನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರು ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಬಿಳಿಯರು. ಗುಂಪು ನಮ್ಮ ಬೀದಿಗೆ ತಿರುಗಲಿಲ್ಲ. ತಿರುಗಿದ್ದರೂ ಆ ಮನುಷ್ಯ ಎದ್ದು ಒಳಗೆ ಹೋಗುತ್ತಿರಲಿಲ್ಲ ಎಂದು ನನಗೆ ಗೊತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ವಾರ ನಾನು ಸಿಕ್ಕಿದ ಪತ್ರಿಕೆಗಳನ್ನೆಲ್ಲ ಓದಿದೆ, ಚರ್ಚೆಗಳನ್ನೆಲ್ಲ ನೋಡಿದೆ. ಒಂದು ಕಡೆಯವರು ‘ಬಿಳಿಯ ದುಡಿಯುವ ವರ್ಗಕ್ಕೆ ನ್ಯಾಯವಾದ ಆತಂಕಗಳಿವೆ’ ಎಂದು ಬರೆದರು. ಇನ್ನೊಂದು ಕಡೆಯವರು ಪುಂಡರು, ಮೂರ್ಖರು ಎಂದು ಬರೆದು ಮುಗಿಸಿದರು. ಇಬ್ಬರೂ ಒಂದೇ ತಪ್ಪು ಮಾಡಿದರು. ಕಲ್ಲು ಎಸೆದವನಿಗೆ ಮಾತ್ರ ವರ್ಗ ಇದೆ ಎಂದು ಇಬ್ಬರೂ ನಂಬಿದ್ದರು. ಕಲ್ಲು ಬಿದ್ದವನಿಗೆ ಧರ್ಮ ಇತ್ತು, ಬಣ್ಣ ಇತ್ತು, ಪಾಸ್‌ಪೋರ್ಟ್ ಇತ್ತು. ಅವನೂ ಕೂಲಿ ಮಾಡಿ ಬದುಕುವವನು ಎಂಬುದು ಯಾರ ಬರಹದಲ್ಲೂ ಕಾಣಲಿಲ್ಲ. ಸಂಡರ್ಲ್ಯಾಂಡ್‌ನಲ್ಲಿ ತುರ್ತು ಪಾಳಿಗೆಂದು ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಫಿಲಿಪಿನೋ ನರ್ಸುಗಳ ಟ್ಯಾಕ್ಸಿಯ ಮೇಲೆ ಕಲ್ಲು ತೂರಿದರು. ಗಲಭೆಯಲ್ಲಿ ಗಾಯಗೊಂಡವರನ್ನು ನೋಡಿಕೊಳ್ಳಲು ಹೊರಟವರು ಅವರು. ದುಡಿಯುವ ವರ್ಗ ಎಂದರೆ ಆ ಇಬ್ಬರಲ್ಲವೇ? ಆ ಟ್ಯಾಕ್ಸಿಯ ಚಾಲಕ ಅಲ್ಲವೇ? ನನ್ನ ವಾರ್ಡಿನಲ್ಲಿ ನೆಲ ಒರೆಸುವ ಸುಡಾನಿನ ಹೆಂಗಸು, ರೋಗಿಗಳ ಮೈ ಒರೆಸುವ ಜಿಂಬಾಬ್ವೆಯ ಸಹಾಯಕಿ, ಅವರೊಂದಿಗೆ ಮಂಚ ತಳ್ಳುವ ಇಲ್ಲಿಯೇ ಹುಟ್ಟಿದ ಬಿಳಿಯ ಹುಡುಗ, ಮೂವರಿಗೂ ತಿಂಗಳ ಕೊನೆಯಲ್ಲಿ ಒಂದೇ ಚಿಂತೆ. ‘ದುಡಿಯುವ ವರ್ಗ’ ಎಂಬ ಮಾತಿನ ಹಿಂದೆ ‘ಬಿಳಿಯ’ ಎಂಬ ಪದ ಅಂಟಿಸಿದ ಕ್ಷಣವೇ ಆ ಮೂವರಲ್ಲಿ ಇಬ್ಬರು ವರ್ಗದಿಂದ ಹೊರಬೀಳುತ್ತಾರೆ.

ಹಾಗೆಂದು ಬಡತನಕ್ಕೂ ಗಲಭೆಗೂ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ. ಸರ್ಕಾರದ 2019ರ ಅಭಾವ ಸೂಚ್ಯಂಕದಲ್ಲಿ ಅತ್ಯಂತ ಬಡ ಊರುಗಳ ಸಾಲಿನಲ್ಲಿದ್ದ ಕೆಲವನ್ನು ನೋಡಿ: ಮಿಡಲ್ಸ್‌ಬರೋ, ಲಿವರ್‌ಪೂಲ್, ಹಲ್, ಮ್ಯಾಂಚೆಸ್ಟರ್, ಬ್ಲ್ಯಾಕ್‌ಪೂಲ್. ಈ ಎಲ್ಲ ಊರುಗಳಲ್ಲೂ ಗಲಭೆ ನಡೆಯಿತು. ಮಿಡಲ್ಸ್‌ಬರೋ ಒಂದು ಕಾಲಕ್ಕೆ ಲೋಕಕ್ಕೆ ಉಕ್ಕು ಕೊಟ್ಟ ಊರು. ಸಿಡ್ನಿ ಬಂದರಿನ ಸೇತುವೆಯನ್ನು ಕಟ್ಟಿದ್ದು ಇಲ್ಲಿಯ ಡಾರ್ಮನ್ ಲಾಂಗ್ ಕಂಪನಿ. ಪಕ್ಕದ ರೆಡ್‌ಕಾರ್‌ನ ಕಾರ್ಖಾನೆ 2015ರಲ್ಲಿ ಮುಚ್ಚಿದಾಗ ಸುಮಾರು 2,200 ಜನ ಕೆಲಸ ಕಳೆದುಕೊಂಡರು. 2022ರ ನವೆಂಬರ್‌ನಲ್ಲಿ ಅದರ ಊದುಕುಲುಮೆಯನ್ನು ಸ್ಫೋಟಿಸಿ ಕೆಡವಿದರು. ನಾನು ಅದನ್ನು ನೋಡಲು ಹೋಗಿದ್ದೆ. ಅಳು ಬಂತು. ಯಾಕೆ ಎಂದು ಭದ್ರಾವತಿಯವರಿಗೆ ವಿವರಿಸಬೇಕಾಗಿಲ್ಲ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಚಿಮಣಿಯ ಕೆಳಗೆ ಬೆಳೆದವಳು ನಾನು. ಅಪ್ಪ ಅಲ್ಲಿ ಗುತ್ತಿಗೆ ಕಾರ್ಮಿಕರಾಗಿದ್ದರು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಅವರು ಗೇಟಿನ ಮುಂದೆ ಧರಣಿ ಕುಳಿತರು. ಅದಕ್ಕೂ ಮುಂಚೆಯೇ ಎಂಪಿಎಂ ಕಾಗದ ಕಾರ್ಖಾನೆ ನಿಂತುಹೋಗಿತ್ತು. ಒಂದು ಊರಿನ ಸೈರನ್ ನಿಂತರೆ ಆ ಊರಿನ ಗಂಡಸರ ಮುಖ ಹೇಗಾಗುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲಿಯೇ ನೋಡಿದ್ದೇನೆ. ಮಿಡಲ್ಸ್‌ಬರೋಗೆ ಬಂದ ಮೊದಲ ವಾರ, ಮಧ್ಯಾಹ್ನದ ಹೊತ್ತಿನಲ್ಲಿ ಬೀದಿಯ ಮೂಲೆಗಳಲ್ಲಿ ಸುಮ್ಮನೆ ನಿಂತ ಗಂಡಸರನ್ನು ನೋಡಿದಾಗ ಹೊಸ ದೇಶ ಎನಿಸಲಿಲ್ಲ.

ಆದರೆ ಧರಣಿ ಕುಳಿತ ಅಪ್ಪನಿಗೆ ಎದುರಾಳಿ ಯಾರು ಎಂದು ಗೊತ್ತಿತ್ತು. ಗೇಟಿನ ಮೇಲೆ ಆಡಳಿತ ಮಂಡಳಿಯ ಹೆಸರಿತ್ತು. ಇಲ್ಲಿಯ ಮಕ್ಕಳಿಗೆ ಆ ಗೇಟೇ ಉಳಿದಿಲ್ಲ. ಹತ್ತು ಹದಿನೈದು ವರ್ಷಗಳಿಂದ ಅವರಿಗೆ ಬೇರೊಂದು ಕಡೆ ಬೆರಳು ತೋರಿಸಿದವರು ಯಾರು ಎಂಬುದನ್ನು ಕೇಳದೆ, ‘ಬಡತನದಿಂದ ಗಲಭೆ’ ಎಂದರೆ ಅದು ಬಡವರ ಮೇಲೆ ಹೊರಿಸಿದ ಇನ್ನೊಂದು ಅಪವಾದ. 2015ರ ಏಪ್ರಿಲ್‌ನಲ್ಲಿ ‘ದಿ ಸನ್’ ಪತ್ರಿಕೆಯ ಅಂಕಣವೊಂದು ವಲಸಿಗರನ್ನು ಜಿರಲೆಗಳಿಗೆ ಹೋಲಿಸಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರೇ ಅದನ್ನು ಖಂಡಿಸಬೇಕಾಯಿತು. ‘ದೋಣಿಗಳನ್ನು ನಿಲ್ಲಿಸಿ’ ಎಂಬುದು 2023ರಲ್ಲಿ ಪ್ರಧಾನಿ ರಿಷಿ ಸುನಕ್ ಅವರ ಭಾಷಣದ ಮೇಜಿನ ಮೇಲೆಯೇ ಅಂಟಿಸಿದ್ದ ಘೋಷಣೆ. ಮರುವರ್ಷ ಅದನ್ನೇ ಕೂಗುತ್ತಾ ಜನ ಆಶ್ರಯ ಕೋರಿ ಬಂದವರಿದ್ದ ಹೋಟೆಲುಗಳಿಗೆ ಮುತ್ತಿಗೆ ಹಾಕಿದರು. 2024ರ ಆಗಸ್ಟ್ 7ರ ರಾತ್ರಿ ವಾಲ್ತಮ್‌ಸ್ಟೋ, ಬ್ರೈಟನ್, ಲಿವರ್‌ಪೂಲ್‌ಗಳಲ್ಲಿ ಸಾವಿರಾರು ಜನ ದ್ವೇಷದ ವಿರುದ್ಧ ಬೀದಿಗಿಳಿದಾಗ, ಮಾರನೆಯ ಬೆಳಿಗ್ಗೆ ‘ಡೈಲಿ ಮೇಲ್’, ‘ಡೈಲಿ ಎಕ್ಸ್‌ಪ್ರೆಸ್’ ಸಹ ಅವರನ್ನು ಮುಖಪುಟದಲ್ಲಿ ಹಾಡಿಹೊಗಳಿದವು. ಅದು ಒಳ್ಳೆಯದೇ. ಆದರೆ ಅದೇ ಮುಖಪುಟಗಳು ವರ್ಷಗಟ್ಟಲೆ ವಲಸಿಗರ ಬಗ್ಗೆ ಭಯ ಬಿತ್ತಿದ್ದವು. ಆ ಬಗ್ಗೆ ಒಂದು ಸಾಲಿನ ಪಶ್ಚಾತ್ತಾಪ ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಕಡೆಯವರ ಬಗ್ಗೆಯೂ ನನಗೆ ಅಷ್ಟೇ ನೋವಿದೆ, ಏಕೆಂದರೆ ಅವರು ನನ್ನ ಪರವಾಗಿ ಮಾತನಾಡುತ್ತಿದ್ದಾರೆ ಎಂದು ಭಾವಿಸಿದ್ದರು. ಹಲ್‌ನಲ್ಲಿ ಚಪ್ಪಲಿ ಅಂಗಡಿ ಸುಟ್ಟರು, ಸಾಬೂನಿನ ಅಂಗಡಿ, ಬೇಕರಿ ಲೂಟಿ ಮಾಡಿದರು. ಪೊಲೀಸರು ಬಿಡುಗಡೆ ಮಾಡಿದ ಬಂಧಿತರ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಅವರ ಹಲ್ಲು ನೋಡಿ, ಹೊಟ್ಟೆ ನೋಡಿ, ಹಚ್ಚೆ ನೋಡಿ ಎಂದು ವಿದ್ಯಾವಂತರು ನಕ್ಕರು. ಆ ಹಲ್ಲುಗಳನ್ನು ನಾನು ವಾರ್ಡಿನಲ್ಲಿ ದಿನವೂ ನೋಡುತ್ತೇನೆ. ಸರ್ಕಾರಿ ದಂತವೈದ್ಯರು ಸಿಗದೆ, ನೋವು ತಾಳಲಾರದೆ ಮನೆಯಲ್ಲಿಯೇ ಹಲ್ಲು ಕಿತ್ತುಕೊಂಡವರಿಗೆ ನಾನು ಔಷಧಿ ಕೊಟ್ಟಿದ್ದೇನೆ. ನಮ್ಮ ಊರಿನ ಕಿಟಕಿಗಳಿಗೆ ಕಲ್ಲೆಸೆದವನಿಗೆ ಶಿಕ್ಷೆಯಾಗಲಿ, ಜೈಲಾಗಲಿ. ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, ಅದು ನ್ಯಾಯ. ಆದರೆ ಅವನ ಬಡತನವನ್ನು ಕಂಡು ನಗುವುದು ನನ್ನನ್ನು ರಕ್ಷಿಸುವ ದಾರಿ ಅಲ್ಲ. ಆ ನಗು ಅವನ ತಮ್ಮನ ಕಿವಿಗೂ ಬೀಳುತ್ತದೆ.

ಯಾರು ಬರೆಯುತ್ತಾರೆ ಎಂಬುದನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಖಾಸಗಿ ಶಾಲೆಯಲ್ಲಿ ಓದಿದವರು ಜನಸಂಖ್ಯೆಯಲ್ಲಿ ಸುಮಾರು ಶೇ 7. ಪತ್ರಿಕೆಗಳ ಅಂಕಣಕಾರರಲ್ಲಿ ಅವರ ಪಾಲು ಶೇ 44 ಎಂದು ಸಟನ್ ಟ್ರಸ್ಟ್‌ನ 2019ರ ವರದಿ ಲೆಕ್ಕ ಹಾಕಿತ್ತು. ಇವರಲ್ಲಿ ಕೆಟ್ಟವರೆಂದರೆ ಯಾರೂ ಇಲ್ಲದಿರಬಹುದು. ಆದರೆ ಹಾರ್ಟ್ಲ್‌ಪೂಲ್ ಎಂಬುದು ಅವರಿಗೆ ರೈಲು ಹತ್ತಿ ಹೋಗಿ ನೋಡಿ ಬರುವ ಊರು. ಹಾಗಾಗಿ ಅಲ್ಲಿಯ ಬಡವರನ್ನು ಒಂದೋ ಕನಿಕರದ ವಸ್ತುವಾಗಿ, ಇಲ್ಲವೇ ಹೇಸಿಗೆಯ ವಸ್ತುವಾಗಿ ನೋಡುತ್ತಾರೆ. ನಮ್ಮ ಊರಿನ ಸ್ಥಳೀಯ ವರದಿಗಾರರು ಮಾತ್ರ ಬೀದಿ ಬೀದಿಯ ಹೆಸರು ಹಿಡಿದು, ಯಾರ ಮನೆಯ ಗಾಜು ಒಡೆಯಿತು, ಯಾರು ಹಲಗೆ ಹೊಡೆದು ಕೊಟ್ಟರು ಎಂದು ಬರೆದರು. ಆ ವಾರ ನಾನು ಪೂರ್ತಿಯಾಗಿ ನಂಬಿದ್ದು ಅವರನ್ನೇ.

ಇಲ್ಲಿಯ ಜನ ಪತ್ರಿಕೆಗಳನ್ನು ಬಿಟ್ಟು ಜಾಲತಾಣದ ಸುಳ್ಳನ್ನು ಯಾಕೆ ನಂಬಿದರು ಎಂದು ನೀವು ಕೇಳಬಹುದು. ಅದಕ್ಕೆ ಹಳೆಯ ಗಾಯಗಳಿವೆ. 1984ರ ಜೂನ್ 18ರಂದು ರಾದರ್‌ಹ್ಯಾಮ್ ಬಳಿಯ ಆರ್‌ಗ್ರೀವ್‌ನಲ್ಲಿ ಮುಷ್ಕರ ನಿರತ ಗಣಿ ಕಾರ್ಮಿಕರ ಮೇಲೆ ಕುದುರೆ ಪೊಲೀಸರು ನುಗ್ಗಿದರು. ಅಂದಿನ ಬಿಬಿಸಿ ಸುದ್ದಿಯಲ್ಲಿ ದೃಶ್ಯಗಳ ಕ್ರಮ ಹಿಂದುಮುಂದಾಗಿ, ಕಾರ್ಮಿಕರೇ ಮೊದಲು ಕಲ್ಲು ಎಸೆದಂತೆ ಕಾಣಿಸಿತು. 1989ರಲ್ಲಿ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತಾಗ, ‘ದಿ ಸನ್’ ಪತ್ರಿಕೆ ‘ಸತ್ಯ’ ಎಂಬ ತಲೆಬರಹ ಕೊಟ್ಟು, ಸತ್ತವರ ಜೇಬು ಕತ್ತರಿಸಿದರು ಎಂದು ಅದೇ ಅಭಿಮಾನಿಗಳ ಮೇಲೆ ಸುಳ್ಳು ಹೊರಿಸಿತು. ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಆ ಪತ್ರಿಕೆಯನ್ನು ಮಾರದ ಅಂಗಡಿಗಳಿವೆ.

ರಾದರ್‌ಹ್ಯಾಮ್‌ನ ಕಥೆ ಇನ್ನೂ ಕಹಿ. ಆ ಊರಿನಲ್ಲಿ 1997ರಿಂದ 2013ರವರೆಗೆ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರಲ್ಲಿ ಅಲೆಕ್ಸಿಸ್ ಜೇ ಅವರ ತನಿಖಾ ವರದಿ ಅಂದಾಜು ಮಾಡಿತು. ಆರೋಪಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು ಎಂಬುದನ್ನು ಹೇಳಲು ಕೆಲವು ಅಧಿಕಾರಿಗಳು ಹಿಂಜರಿದರು. ಇದು ನಿಜ, ಇದನ್ನು ಮುಚ್ಚಿಡಬಾರದು. ಆದರೆ ವರದಿಯಲ್ಲಿ ಇನ್ನೊಂದು ನಿಜವೂ ಇದೆ: ಬಡ ಮನೆಗಳ, ಅನಾಥಾಲಯಗಳ ಆ ಹುಡುಗಿಯರನ್ನು ಪೊಲೀಸರು ತಿರಸ್ಕಾರದಿಂದ ಕಂಡರು. ಅವರ ಮಾತಿಗೆ ಬೆಲೆಯೇ ಇರಲಿಲ್ಲ. ಅವರು ವೈದ್ಯರ, ವಕೀಲರ ಮಕ್ಕಳಾಗಿದ್ದರೆ ಹದಿನಾರು ವರ್ಷ ಕಾಯಬೇಕಾಗಿತ್ತೇ? ಕಡು ಬಲಪಂಥೀಯರು ಮೊದಲ ನಿಜವನ್ನು ಎತ್ತಿಕೊಂಡು ಇಡೀ ಸಮುದಾಯದ ಮೇಲೆ ದ್ವೇಷ ಕಾರಿದರು. ಸುದ್ದಿಮನೆಗಳು ಎರಡನೆಯ ನಿಜವನ್ನು, ಅಂದರೆ ವರ್ಗದ ತಿರಸ್ಕಾರವನ್ನು, ಅದೇ ಗಟ್ಟಿ ದನಿಯಲ್ಲಿ ಹೇಳಿದ್ದರೆ ಆ ದ್ವೇಷಕ್ಕೆ ಇಷ್ಟು ಸಲೀಸಾಗಿ ಜಾಗ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

2024ರ ಆಗಸ್ಟ್ 4ರಂದೇ ಆ ರಾದರ್‌ಹ್ಯಾಮ್ ಬಳಿಯ ಮ್ಯಾನ್‌ವರ್ಸ್‌ನಲ್ಲಿ, ಆಶ್ರಯ ಕೋರಿ ಬಂದವರನ್ನು ಇರಿಸಿದ್ದ ಹೋಟೆಲಿನ ಬಾಗಿಲಿಗೆ ಕಸದ ತೊಟ್ಟಿ ಒಡ್ಡಿ ಬೆಂಕಿ ಇಟ್ಟರು. ಒಳಗೆ ಜನರಿದ್ದರು, ಹೋಟೆಲಿನ ಸಿಬ್ಬಂದಿಯೂ ಇದ್ದರು. 50ಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಆ ಜಾಗ 1988ರವರೆಗೆ ಕಲ್ಲಿದ್ದಲ ಗಣಿಯಾಗಿತ್ತು. ಆಶ್ರಯ ಕೋರಿದವರನ್ನು ಇಂಥ ಊರುಗಳಿಗೇ ಏಕೆ ಕಳುಹಿಸುತ್ತಾರೆ ಎಂಬುದು ಯಾರೂ ಸರಿಯಾಗಿ ಬಿಡಿಸಿ ಹೇಳದ ಪ್ರಶ್ನೆ. ಉತ್ತರ ಸರಳ: ಇಲ್ಲಿ ಮನೆ ಬಾಡಿಗೆ ಅಗ್ಗ, ಅವರಿಗೆ ವಸತಿ ಒದಗಿಸುವ ಗುತ್ತಿಗೆದಾರರಿಗೆ ಲಾಭ. 200 ನಿವಾಸಿಗಳಿಗೆ ಆಶ್ರಯ ಕೋರಿದವರು ಒಬ್ಬರು ಎಂಬ ಮಾರ್ಗಸೂಚಿಯನ್ನು ಮೀರಿದ ಊರು ಮಿಡಲ್ಸ್‌ಬರೋ. 2016ರ ಜನವರಿಯಲ್ಲಿ ‘ದಿ ಟೈಮ್ಸ್’ ಪತ್ರಿಕೆ ಇಲ್ಲಿಗೆ ಬಂದು, ಆಶ್ರಯ ಕೋರಿದವರ ಹೆಚ್ಚಿನ ಮನೆಗಳ ಬಾಗಿಲುಗಳಿಗೆ ಕೆಂಪು ಬಣ್ಣ ಬಳಿದಿರುವುದನ್ನು, ಅದರಿಂದ ಅವರ ಮನೆಗಳ ಮೇಲೆ ಮೊಟ್ಟೆ, ಕಲ್ಲು ಬೀಳುತ್ತಿರುವುದನ್ನು ಬಯಲಿಗೆಳೆಯಿತು. ಬಾಗಿಲುಗಳ ಬಣ್ಣ ಬದಲಾಯಿತು. ನನ್ನ ಮಟ್ಟಿಗೆ ಪತ್ರಿಕೋದ್ಯಮ ಎಂದರೆ ಇದು. ಹಣ ಯಾರ ಕೈ ಸೇರುತ್ತಿದೆ, ಹೊರೆ ಯಾರ ಹೆಗಲ ಮೇಲಿದೆ ಎಂದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆದು ನೋಡುವುದು.

2011ರ ಗಲಭೆಯೊಂದಿಗೆ ಹೋಲಿಸಿದರೆ ಮಾಧ್ಯಮಗಳ ಅಳತೆಗೋಲು ಇನ್ನೂ ಸ್ಪಷ್ಟವಾಗುತ್ತದೆ. ಆಗ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಪೊಲೀಸರ ಗುಂಡಿಗೆ ಕಪ್ಪು ಯುವಕನೊಬ್ಬ ಬಲಿಯಾದ ಮೇಲೆ ನಗರಗಳು ಹೊತ್ತಿಕೊಂಡವು. ಪ್ರಧಾನಿ ಡೇವಿಡ್ ಕ್ಯಾಮರಾನ್ ಅದನ್ನು ಅಪ್ಪಟ ಅಪರಾಧ ಎಂದರು, ನ್ಯಾಯ ಸಚಿವ ಕೆನ್ನೆತ್ ಕ್ಲಾರ್ಕ್ ‘ಕಾಡುಮೃಗದಂತಾದ ಕೆಳವರ್ಗ’ ಎಂಬರ್ಥದ ಮಾತಾಡಿದರು. ಆಗ ದೊಡ್ಡ ಪತ್ರಿಕೆಗಳಲ್ಲಿ ‘ನ್ಯಾಯವಾದ ಆತಂಕ’ ಎಂಬ ಮಾತು ಕೇಳಿಬಂದದ್ದು ಬಲು ಅಪರೂಪ. ಕಪ್ಪು ಹುಡುಗನ ಸಿಟ್ಟು ಅಪರಾಧ, ಬಿಳಿಯ ಹುಡುಗನ ಸಿಟ್ಟು ಅಹವಾಲು. ಹೀಗೆ ಅಳೆಯುವವರು ಬಡವರಿಬ್ಬರಿಗೂ ದ್ರೋಹ ಮಾಡುತ್ತಾರೆ.

ಕಡು ಬಲಪಂಥ ಎಂಬ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು. ಬಂಧಿತರೆಲ್ಲ ಯಾವುದೋ ಸಂಘಟನೆಯ ಸದಸ್ಯರಾಗಿರಲಿಲ್ಲ. ಹಲವರು ಅದೇ ಊರಿನ ಹುಡುಗರು. ಕೆಲವು ಮಕ್ಕಳು ಕುತೂಹಲಕ್ಕೆ, ಕೆಲವರು ಪೊಲೀಸರ ಮೇಲಿನ ಹಳೆಯ ದ್ವೇಷಕ್ಕೆ ಸೇರಿಕೊಂಡರೆಂದು ಇಂಗ್ಲೆಂಡಿನ ಮಕ್ಕಳ ಆಯುಕ್ತರು 2025ರ ಜನವರಿಯಲ್ಲಿ ವರದಿ ಕೊಟ್ಟರು. ನಾನು ಅದನ್ನು ನಂಬುತ್ತೇನೆ. ಆದರೂ ಮಸೀದಿಯನ್ನು ಹುಡುಕಿಕೊಂಡು ಹೋಗಿ ಕಲ್ಲೆಸೆಯುವ ಕೃತ್ಯ ಬಲಪಂಥದ್ದೇ. ಎಸೆದ ಕೈಗೆ ಸಿದ್ಧಾಂತ ಗೊತ್ತಿಲ್ಲದಿರಬಹುದು, ಗುರಿ ತೋರಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಡಿಫೆನ್ಸ್ ಲೀಗ್ ಎಂಬ ಇಸ್ಲಾಂ ವಿರೋಧಿ ಸಂಘಟನೆ ಕಟ್ಟಿದ ಟಾಮಿ ರಾಬಿನ್ಸನ್ ಆ ವಾರ ಸೈಪ್ರಸ್‌ನ ಹೋಟೆಲಿನಲ್ಲಿದ್ದುಕೊಂಡು ಬರೆಯುತ್ತಿದ್ದರು. ಲೋಕದ ಅತಿ ಶ್ರೀಮಂತರಲ್ಲಿ ಒಬ್ಬರಾದ ಇಲಾನ್ ಮಸ್ಕ್ ಅಂತರ್ಯುದ್ಧ ಅನಿವಾರ್ಯ ಎಂದು ಬರೆದರು. ಜೈಲಿಗೆ ಹೋದವರು ಹಾರ್ಟ್ಲ್‌ಪೂಲ್, ಹಲ್, ರಾದರ್‌ಹ್ಯಾಮ್‌ನ ಹುಡುಗರು. ವರ್ಗದ ಬಗ್ಗೆ ಬರೆಯುವುದಿದ್ದರೆ ಇದನ್ನು ಬರೆಯಬೇಕಿತ್ತು.

ಇನ್ನು ಟಿ.ವಿ.ಗಳು ಹೆಚ್ಚು ಹೊತ್ತು ತೋರಿಸದ ದೃಶ್ಯಗಳು. ಸೌತ್‌ಪೋರ್ಟ್‌ನ ಮಸೀದಿಯ ಒಡೆದ ಗೋಡೆಯನ್ನು ಮಾರನೆಯ ದಿನ ಅದೇ ಊರಿನ ಗಾರೆ ಕೆಲಸದವರು ಬಂದು ಮತ್ತೆ ಕಟ್ಟಿದರು. ಲಿವರ್‌ಪೂಲ್‌ನ ಬಡ ಬಡಾವಣೆಯಲ್ಲಿ ಸುಟ್ಟುಹೋದ ಸ್ಪೆಲ್ಲೋ ಗ್ರಂಥಾಲಯಕ್ಕಾಗಿ ಒಬ್ಬ ಹೆಣ್ಣುಮಗಳು 500 ಪೌಂಡ್ ಕೂಡಿಸಲು ಹೊರಟರೆ, ಎರಡು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಡಿಸೆಂಬರ್ ಹೊತ್ತಿಗೆ ಅದು ಮತ್ತೆ ತೆರೆಯಿತು. ನಮ್ಮ ಬೀದಿಗಳಲ್ಲಿ ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ಜನ ಪೊರಕೆ, ಸಲಿಕೆ ಹಿಡಿದು ಬಂದಿದ್ದರು. ಪಾಳಿಗೆ ಹೊರಟ ನನ್ನನ್ನು ಪಕ್ಕದ ಮನೆಯ ಮುದುಕರು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: ‘ಕಾರ್ಖಾನೆ ಮುಚ್ಚಿದಾಗ ಕ್ಯಾಮೆರಾದವರು ಬಂದಿದ್ದರು, ಈಗ ಮತ್ತೆ ಬಂದಿದ್ದಾರೆ. ನಡುವೆ ಒಂಬತ್ತು ವರ್ಷ ನಾವು ಇಲ್ಲಿಯೇ ಇದ್ದೆವು.’

ನಿಮ್ಮ ತಂಗಿಯ ವಿಷಯ. ಕಳುಹಿಸಿ ಎಂದೇ ಹೇಳುತ್ತೇನೆ. ಭಯವೇ ಬೇಡ ಎನ್ನಲಾರೆ. ಆ ವಾರ ಭಾರತೀಯ ಹೈಕಮಿಷನ್ ಎಚ್ಚರಿಕೆ ಹೊರಡಿಸಿತ್ತು, ನಾವು ನರ್ಸುಗಳು ಕೆಲವು ದಿನ ಒಂಟಿಯಾಗಿ ಓಡಾಡಲಿಲ್ಲ. ಬಂದ ಮೇಲೆ ಮೊದಲ ತಿಂಗಳಲ್ಲಿಯೇ ನರ್ಸುಗಳ ಒಕ್ಕೂಟಕ್ಕೆ ಸೇರಲಿ. ಕೆಲಸ ಮುಗಿಸಿ ತಡರಾತ್ರಿ ಮರಳುವಂತಿದ್ದರೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಲಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಅಕ್ಕಪಕ್ಕದವರಿಗೆ ತಾನಾಗಿಯೇ ಹೋಗಿ ಪರಿಚಯ ಹೇಳಿಕೊಳ್ಳಲಿ. ನಾನು ಮೊದಲ ವರ್ಷ ಅದನ್ನು ಮಾಡಲಿಲ್ಲ, ಈಗ ಅದಕ್ಕಾಗಿ ಮರುಗುತ್ತೇನೆ. ಅವಳಿಗೆ ಯಾವ ಊರಿನ ಆಸ್ಪತ್ರೆ ಸಿಕ್ಕಿದೆ ಎಂದು ಬರೆಯಿರಿ. ಮಿಡಲ್ಸ್‌ಬರೋ, ಸ್ಟಾಕ್‌ಟನ್, ಹಾರ್ಟ್ಲ್‌ಪೂಲ್ ಈ ಮೂರರಲ್ಲಿ ಯಾವುದಾದರೂ ಆದರೆ ಅವಳು ಬರುವ ದಿನ ರೈಲು ನಿಲ್ದಾಣಕ್ಕೆ ನಾನೇ ಬಂದಿರುತ್ತೇನೆ.